ಹಿಮ ಬೀಳುವ ಊರಿನ ಅಂಗಳಕ್ಕೆ ಮರ ಆರಿಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ವಸಂತದಲ್ಲಿ ನರ್ಸರಿಗೆ ಹೋದರೆ ಎಲ್ಲ ಸಸಿಗಳೂ ಚೆಂದವೇ. ಹೂ ಬಿಟ್ಟಿರುತ್ತವೆ, ಎಲೆ ಫಳಫಳ ಹೊಳೆಯುತ್ತಿರುತ್ತದೆ. ಇಷ್ಟವಾದದ್ದನ್ನು ತಂದು, ಅಂಗಳದಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ನೆಡುವುದು ಹೆಚ್ಚಿನವರ ರೂಢಿ. ಬೆಚ್ಚಗಿನ ಊರುಗಳಲ್ಲಿ ಇದು ಹೇಗೋ ನಡೆದುಹೋಗುತ್ತದೆ. ವರ್ಷಕ್ಕೆ ನಾಲ್ಕೈದು ತಿಂಗಳು ನೆಲವೇ ಹೆಪ್ಪುಗಟ್ಟುವ ಕಡೆ ನಡೆಯುವುದಿಲ್ಲ. ಸಸಿ ಮೊದಲ ಚಳಿಗಾಲದಲ್ಲೇ ಸತ್ತರೆ ಒಂದು ರೀತಿ ಪುಣ್ಯ, ಹೋದದ್ದು ಒಂದು ವರ್ಷ ಮಾತ್ರ. ಹತ್ತು ವರ್ಷ ಬೆಳೆದು ನೆರಳು ಕೊಡಲು ಶುರು ಮಾಡಿದ ಮೇಲೆ ಸತ್ತರೆ ಆ ಹತ್ತು ವರ್ಷವನ್ನು ಯಾವ ನರ್ಸರಿಯೂ ವಾಪಸ್ ಕೊಡುವುದಿಲ್ಲ.

ಚಳಿಯ ಊರಿಗೆ ಮರ ಆರಿಸುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಎಷ್ಟು ಡಿಗ್ರಿ ಚಳಿ ತಡೆಯುತ್ತದೆ? ಕೇಳಲೇಬೇಕಾದ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರ ಸಿಕ್ಕ ಮರಗಳೂ ಸಾಯುತ್ತವೆ. ಚಳಿಗಾಲದ ಬಿಸಿಲು, ಒಣ ಗಾಳಿ, ರಸ್ತೆಯ ಉಪ್ಪು, ಮೊಲದ ಹಲ್ಲು, ಹಿಮದ ಭಾರ, ಹೊತ್ತಲ್ಲದ ಹೊತ್ತಿನ ಬೆಚ್ಚಗಿನ ಹವೆ, ಇವು ಒಂದೊಂದಾಗಿ ಕೊಲ್ಲುತ್ತವೆ. ಇಡೀ ಊರಿಗೆ ಚಳಿ ಒಂದೇ ಇರಬಹುದು, ಇವು ಮಾತ್ರ ನಿಮ್ಮ ಅಂಗಳದ ಮೂಲೆ ಮೂಲೆಗೂ ಬೇರೆ. ಹಾಗಾಗಿ ಮೊದಲು ಜಾಗವನ್ನು ನೋಡಿ, ಆಮೇಲೆ ಮರ. (ಕೆಳಗೆ ಹೇಳುವ ದಿಕ್ಕುಗಳೆಲ್ಲ ಭೂಮಿಯ ಉತ್ತರಾರ್ಧದವು. ದಕ್ಷಿಣಾರ್ಧದಲ್ಲಿ ಇರುವವರು ಉತ್ತರ, ದಕ್ಷಿಣ ಅದಲುಬದಲು ಮಾಡಿಕೊಳ್ಳಿ.)

ಹೆಜ್ಜೆ 1: ನಿಮ್ಮ ಝೋನ್ ಯಾವುದು, ಆ ಸಂಖ್ಯೆ ಏನು ಹೇಳುತ್ತದೆ

ಸಸಿಗಳ ಚೀಟಿಯ ಮೇಲೆ 'ಝೋನ್ 4' ಎಂದೋ 'ಝೋನ್ 5' ಎಂದೋ ಬರೆದಿರುತ್ತದೆ. ಅದು ಸಾಮಾನ್ಯವಾಗಿ ಅಮೆರಿಕದ ಕೃಷಿ ಇಲಾಖೆಯ ಚಳಿ ವಲಯಗಳ ನಕ್ಷೆಯ ಲೆಕ್ಕ. ಆ ನಕ್ಷೆಯಲ್ಲಿ 13 ಝೋನ್‌ಗಳಿವೆ. ಒಂದು ಝೋನ್‌ಗೂ ಮುಂದಿನದಕ್ಕೂ ಸುಮಾರು 5.6 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಝೋನ್ 3 ಅಂದರೆ ಮೈನಸ್ 40ರಿಂದ ಮೈನಸ್ 34 ಡಿಗ್ರಿ, ಝೋನ್ 4 ಅಂದರೆ ಮೈನಸ್ 34ರಿಂದ ಮೈನಸ್ 29, ಝೋನ್ 5 ಅಂದರೆ ಮೈನಸ್ 29ರಿಂದ ಮೈನಸ್ 23. ಪ್ರತಿ ಝೋನನ್ನೂ ಎ, ಬಿ ಎಂದು ಎರಡು ಭಾಗ ಮಾಡಿದ್ದಾರೆ. ಎ ಜಾಸ್ತಿ ಚಳಿಯದು.

ಇದು ಆ ಊರಿನ ಅತಿ ಕಡಿಮೆ ತಾಪಮಾನದ ದಾಖಲೆ ಎಂದುಕೊಳ್ಳುವವರು ಬಹಳ. ಅಲ್ಲಿರುವುದು ಸರಾಸರಿ. ಪ್ರತಿ ಚಳಿಗಾಲದ ಅತಿ ತಣ್ಣಗಿನ ರಾತ್ರಿಯನ್ನು 30 ವರ್ಷ ಬರೆದಿಟ್ಟು, ಅದರ ಸರಾಸರಿ ತೆಗೆದಿರುತ್ತಾರೆ. 2023ರ ನಕ್ಷೆಗೆ ಬಳಸಿದ್ದು 1991ರಿಂದ 2020ರವರೆಗಿನ ಅಂಕಿಅಂಶ. ಸರಾಸರಿ ಅಂದಮೇಲೆ ಹೆಚ್ಚೂಕಮ್ಮಿ ಅರ್ಧದಷ್ಟು ವರ್ಷ ಅದಕ್ಕಿಂತ ಕೆಳಗೆ ಇಳಿಯುತ್ತದೆ ಅಲ್ವಾ? ಐವತ್ತು ವರ್ಷ ಬಾಳಬೇಕಾದ ಮರಕ್ಕೆ ಸರಾಸರಿ ಸಾಲದು. ನಿಮ್ಮದು ಝೋನ್ 5 ಆಗಿದ್ದರೆ ದೊಡ್ಡ ಮರವನ್ನು ಝೋನ್ 4ಕ್ಕೆ ಹೊಂದುವಂಥದ್ದೇ ಆರಿಸಿ. ಗಡಿಯಲ್ಲಿರುವ ಮರದ ಆಸೆ ಇದ್ದರೆ ಅದು ಸಣ್ಣ ಮರವಾಗಿರಲಿ, ಹೋದರೂ ಅಂಗಳ ಬೋಳಾಗುವುದಿಲ್ಲ.

ಇನ್ನೊಂದು ಕಡೆ ಎಚ್ಚರ ಬೇಕು. ಈ ಲೆಕ್ಕದಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಚಳಿ ಜಾಸ್ತಿ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ: ಎಚ್1 ಅತಿ ಮೃದು ಗಿಡ, ಎಚ್7 ಅತಿ ಗಟ್ಟಿ. ಕೆನಡಾದ ನಕ್ಷೆಯಲ್ಲೂ ಝೋನ್ ಸಂಖ್ಯೆಗಳೇ ಇವೆ, ಆದರೆ ಅದು ಮಳೆ, ಹಿಮದ ಆಳ, ಗಾಳಿ, ಬೇಸಿಗೆಯ ಬಿಸಿ ಎಲ್ಲವನ್ನೂ ಸೇರಿಸಿ ಮಾಡಿದ್ದು. ಹಾಗಾಗಿ ಕೆನಡಾದ 5 ಮತ್ತು ಅಮೆರಿಕದ 5 ಒಂದೇ ಅಲ್ಲ. ಆನ್‌ಲೈನ್‌ನಲ್ಲಿ ಓದುವಾಗ ಯಾವ ದೇಶದ ಲೆಕ್ಕ ಎಂದು ಮೊದಲು ನೋಡಿ.

ಹೆಜ್ಜೆ 2: ಮರ ಚಳಿಯನ್ನು ಹೇಗೆ ತಾಳಿಕೊಳ್ಳುತ್ತದೆ ಎಂದು ತಿಳಿದುಕೊಳ್ಳಿ

ಈ ಹೆಜ್ಜೆಯಲ್ಲಿ ಕೈ ಕೆಲಸ ಏನಿಲ್ಲ. ಆದರೆ ಇದು ಗೊತ್ತಿದ್ದರೆ ಮುಂದಿನ ಅರ್ಧ ನಿರ್ಧಾರಗಳು ತಾವೇ ಆಗುತ್ತವೆ.

ಜುಲೈ ತಿಂಗಳಲ್ಲಿ ಮೈನಸ್ 5 ಡಿಗ್ರಿ ಬಂದರೆ ಎಂಥ ಗಟ್ಟಿ ಮರವೂ ದೊಡ್ಡ ಪೆಟ್ಟು ತಿನ್ನುತ್ತದೆ. ಅದೇ ಮರ ಜನವರಿಯಲ್ಲಿ ಮೈನಸ್ 35 ತಡೆಯುತ್ತದೆ. ನಡುವೆ ಏನಾಯಿತು? ಹಗಲು ಚಿಕ್ಕದಾಗುತ್ತಿದ್ದಂತೆ ಮರ ಬೆಳೆಯುವುದನ್ನು ನಿಲ್ಲಿಸಿ ಮೊಗ್ಗು ಕಟ್ಟುತ್ತದೆ. ಆಮೇಲೆ ಸಣ್ಣ ಸಣ್ಣ ಮಂಜು ಬೀಳುತ್ತ ಹೋದಂತೆ ಜೀವಕೋಶದೊಳಗಿನ ನೀರನ್ನು ಹೊರಗಿನ ಸಂದಿಗಳಿಗೆ ದಾಟಿಸುತ್ತದೆ. ಹೊರಗೆ ಮಂಜುಗಡ್ಡೆ ಕಟ್ಟಿದರೂ ಒಳಗೆ ಗಟ್ಟಿ ಪಾಕದಂಥ ರಸ ಉಳಿದು ಕೋಶ ಒಡೆಯುವುದಿಲ್ಲ. ಓಕ್, ಮೇಪಲ್, ಎಲ್ಮ್‌ನಂಥ ಮರಗಳ ಕಟ್ಟಿಗೆಯ ಕೋಶಗಳಲ್ಲಿ ನೀರು ಶೂನ್ಯಕ್ಕಿಂತ ಎಷ್ಟೋ ಕೆಳಗಿಳಿದರೂ ಗಡ್ಡೆ ಕಟ್ಟದೆ ನಿಲ್ಲುತ್ತದೆ. ಆದರೆ ಅದಕ್ಕೆ ಸುಮಾರು ಮೈನಸ್ 40ರ ಹತ್ತಿರ ಮಿತಿ ಇದೆ. ಬರ್ಚ್, ಆಸ್ಪೆನ್, ವಿಲೋಗಳಿಗೆ ಈ ಮಿತಿಯೇ ಇಲ್ಲ. ಉತ್ತರದ ಕಟ್ಟಕಡೆಯ ಕಾಡುಗಳಲ್ಲಿ ಓಕ್ ಕಾಣದೆ ಬರ್ಚ್ ಕಾಣುವುದಕ್ಕೆ ಇದೂ ಒಂದು ಕಾರಣ.

ಈ ತಯಾರಿಗೆ ವಾರಗಟ್ಟಲೆ ಸಮಯ ಬೇಕು. ತಯಾರಾಗುವ ಮೊದಲೇ ಚಳಿ ಬಂದರೆ ಏನಾಗುತ್ತದೆ ಎಂಬುದಕ್ಕೆ 1940ರ ನವೆಂಬರ್ 11 ಸಾಕ್ಷಿ. ಹಿತವಾಗಿದ್ದ ಹವೆ ಒಂದೇ ದಿನದಲ್ಲಿ ಹಿಮಗಾಳಿಗೆ ತಿರುಗಿತು. ಅಮೆರಿಕದ ಅಯೋವಾ ರಾಜ್ಯದ ಸೇಬಿನ ತೋಟಗಳು ನೆಲಕಚ್ಚಿದವು. ಜನವರಿಯಲ್ಲಿ ಅದಕ್ಕಿಂತ ಎಷ್ಟೋ ಕೆಟ್ಟ ಚಳಿಯನ್ನು ನಗುನಗುತ್ತಾ ತಡೆದಿದ್ದ ಮರಗಳವು.

ಇದರಿಂದ ತಿಳಿಯುವುದು ಎರಡು. ಒಂದು, ಬೇಸಿಗೆ ಕೊನೆಯಲ್ಲಿ ಸಾರಜನಕ ಗೊಬ್ಬರ ಹಾಕಿ ಮರವನ್ನು ಬೆಳೆಸಲು ಹೋಗಬೇಡಿ; ಎಳೆ ಚಿಗುರು ಗಟ್ಟಿಯಾಗುವ ಮೊದಲೇ ಸುಟ್ಟುಹೋಗುತ್ತದೆ. ಎರಡು, ಬೀಜ ಎಲ್ಲಿಯದು ಎಂಬುದು ಮರದ ಹೆಸರಿನಷ್ಟೇ ಮುಖ್ಯ. ರೆಡ್ ಮೇಪಲ್ ಫ್ಲಾರಿಡಾದಿಂದ ಕೆನಡಾದವರೆಗೂ ಬೆಳೆಯುತ್ತದೆ. ಜಾತಿ ಒಂದೇ. ಆದರೆ ದಕ್ಷಿಣದ ಬೀಜದಿಂದ ಬಂದ ಸಸಿ ಉತ್ತರಕ್ಕೆ ಹೋದರೂ ತನ್ನ ಹಳೆಯ ಕ್ಯಾಲೆಂಡರನ್ನೇ ಪಾಲಿಸುತ್ತದೆ, ತಡವಾಗಿ ಮಲಗುತ್ತದೆ, ಮೊದಲ ಗಟ್ಟಿ ಚಳಿಗೆ ಸಿಕ್ಕಿಬೀಳುತ್ತದೆ. ಚೀಟಿಯಲ್ಲಿ 'ರೆಡ್ ಮೇಪಲ್' ಎಂದಷ್ಟೇ ಇದ್ದರೆ ಸಾಲದು.

ಹೆಜ್ಜೆ 3: ಚಳಿಗಾಲದಲ್ಲೇ ಅಂಗಳ ಸುತ್ತಿ

ಮರ ನೆಡುವ ಯೋಚನೆ ಇದ್ದರೆ ಒಂದು ಚಳಿಗಾಲ ಸುಮ್ನೆ ನೋಡುವುದಕ್ಕೆ ಇಡಿ. ಒಂದು ಕಾಗದದ ಮೇಲೆ ಮನೆ, ಅಂಗಳ, ಹಿತ್ತಲು ಬರೆದುಕೊಂಡು ಹಿಮ ಬಿದ್ದಾಗಲೆಲ್ಲ ಗುರುತು ಹಾಕುತ್ತಾ ಹೋಗಿ. ಗಾಳಿ ಯಾವ ಕಡೆಯಿಂದ ಬಂದು ಹಿಮವನ್ನು ಎಲ್ಲಿ ಗುಡ್ಡೆ ಹಾಕುತ್ತದೆ? ರಸ್ತೆಯ ಹಿಮ ಗೋರುವ ಗಾಡಿ ಎಲ್ಲಿಯವರೆಗೆ ತಳ್ಳುತ್ತದೆ? ಮಾಡಿನಿಂದ ಹಿಮ ಜಾರಿ ಬೀಳುವ ಜಾಗ ಯಾವುದು? ಆ ಜಾಗದಲ್ಲಿ ಎಂಥ ಮರ ನೆಟ್ಟರೂ ಮುರಿಯುವುದು ಖಂಡಿತ. ಹಿಮ ಎಲ್ಲಿ ಮೊದಲು ಕರಗುತ್ತದೆ ಎಂಬುದನ್ನಂತೂ ಬಿಡಲೇಬೇಡಿ.

ಮೊದಲು ಕರಗುವ ಜಾಗ ಬೆಚ್ಚಗಿನದು, ಸಸಿಗೆ ಹಿತ ಎನಿಸುತ್ತದೆ. ಆದರೆ ದಕ್ಷಿಣ ಅಥವಾ ನೈಋತ್ಯಕ್ಕೆ ಮುಖ ಮಾಡಿದ ಗೋಡೆಯ ಮುಂದಿನ ಜಾಗವೇ ಎಳೆ ಮರಗಳಿಗೆ ಅತ್ಯಂತ ಕಷ್ಟದ್ದು. ಫೆಬ್ರವರಿಯ ಒಂದು ಮಧ್ಯಾಹ್ನ ಎಂದುಕೊಳ್ಳಿ. ಹವೆ ಮೈನಸ್ 10. ಬಿಸಿಲು ಓರೆಯಾಗಿ ನೇರ ಕಾಂಡಕ್ಕೆ ಬಡಿಯುತ್ತದೆ, ಕೆಳಗಿನ ಹಿಮದಿಂದಲೂ ಪ್ರತಿಫಲಿಸುತ್ತದೆ. ತೆಳು ತೊಗಟೆಯ ಮೇಪಲ್‌ನ ನೈಋತ್ಯದ ಬದಿಯನ್ನು ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ, ಅದರ ಬೆನ್ನ ಬದಿ ಕೊರೆಯುತ್ತಿರುತ್ತದೆ. ಬೆಚ್ಚಗಾದ ಬದಿಯ ಕೋಶಗಳು ತಮ್ಮ ಚಳಿಯ ಕಾವಲು ಸಡಿಲಿಸುತ್ತವೆ. ಸೂರ್ಯ ಪಕ್ಕದ ಮನೆಯ ಮರೆಗೆ ಸರಿದ ಕೂಡಲೇ ಅಷ್ಟೂ ಬಿಸಿ ನಿಮಿಷಗಳಲ್ಲಿ ಇಳಿದು ಕೋಶಗಳು ಸಾಯುತ್ತವೆ. ಆಗ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಆ ಬದಿಯ ತೊಗಟೆ ಉದ್ದಕ್ಕೆ ಸೀಳಿ, ಒಣಗಿ, ಕೈಯಲ್ಲಿ ಎಳೆದರೆ ಕಳಚಿ ಬರುತ್ತದೆ. ಮೇಪಲ್, ಲಿಂಡನ್, ಚೆರ್ರಿ, ಕ್ರ್ಯಾಬ್‌ಆ್ಯಪಲ್‌ಗಳಿಗೆ ಈ ಕಾಟ ಜಾಸ್ತಿ. ಅಂಥ ಜಾಗಕ್ಕೆ ಒರಟು ತೊಗಟೆಯ ಮರವೇ ಸರಿ, ಅಥವಾ ಬುಡದಿಂದಲೇ ಹಲವು ಕಾಂಡ ಒಡೆದು ತನಗೆ ತಾನೇ ನೆರಳು ಮಾಡಿಕೊಳ್ಳುವ ಮರ.

ಸದಾ ಹಸಿರಾಗಿರುವ ಸೂಜಿ ಎಲೆ ಮರಗಳ ಕಷ್ಟ ಬೇರೆ. ಅವುಗಳ ಎಲೆ ಚಳಿಗಾಲದಲ್ಲೂ ನೀರು ಕಳೆದುಕೊಳ್ಳುತ್ತಿರುತ್ತದೆ. ನೆಲ ಹೆಪ್ಪುಗಟ್ಟಿರುವಾಗ ಬೇರು ನೀರು ಎಳೆಯಲಾರದು. ಬಿಸಿಲು, ಗಾಳಿ ಎರಡೂ ಬಡಿಯುವ ಕಡೆ ಎಲೆ ಕಂದಾಗಿ ಒಣಗುತ್ತದೆ. ಯೂ, ಹೆಮ್‌ಲಾಕ್, ಆರ್ಬರ್‌ವಿಟೆಗಳನ್ನು ಅಂಥ ಕಡೆ ಇಡಬೇಡಿ; ಮನೆಯ ಪೂರ್ವ ಅಥವಾ ಉತ್ತರದ ಮರೆ ಅವಕ್ಕೆ ಹಿತ.

ತಗ್ಗು ಜಾಗ ಇದ್ದರೆ ಅದನ್ನೂ ಗುರುತು ಮಾಡಿ. ತಣ್ಣನೆಯ ಗಾಳಿ ಭಾರ, ರಾತ್ರಿ ಹರಿದು ಬಂದು ಅಲ್ಲಿ ನಿಲ್ಲುತ್ತದೆ. ಬೇಗ ಹೂ ಬಿಡುವ ಮರಗಳನ್ನು ಅಲ್ಲಿ ನೆಟ್ಟರೆ ವರ್ಷ ಬಿಟ್ಟು ವರ್ಷ ಹೂವು ಕರಟುತ್ತದೆ.

ಇನ್ನು ಉಪ್ಪು. ರಸ್ತೆಯಿಂದ ಹಾರುವ ಉಪ್ಪು ನೀರು ಮೊಗ್ಗು ಸುಡುತ್ತದೆ, ಕರಗಿ ಮಣ್ಣಿಗೆ ಇಳಿದದ್ದು ಬೇರು ಸುಡುತ್ತದೆ. ಶುಗರ್ ಮೇಪಲ್, ವೈಟ್ ಪೈನ್, ಲಿಂಡನ್ ಇದನ್ನು ತಡೆಯುವುದಿಲ್ಲ. ಹನಿಲೋಕಸ್ಟ್, ಬರ್ ಓಕ್ ತಕ್ಕಮಟ್ಟಿಗೆ ತಡೆಯುತ್ತವೆ.

ಹೆಜ್ಜೆ 4: ಮಣ್ಣು ಕೆದಕಿ

ನೆಡುವ ಜಾಗದಲ್ಲಿ ಮೊಣಕೈ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಬಸಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಗಂಟೆಗೆ 2.5 ಸೆಂ.ಮೀ.ಗಿಂತ ಜಾಸ್ತಿ ಇಳಿದರೆ ಹೆಚ್ಚಿನ ಮರಗಳಿಗೆ ಸಾಕು. ಮಾರನೇ ದಿನವೂ ನೀರು ನಿಂತೇ ಇದ್ದರೆ ಮಣ್ಣು ಸರಿ ಮಾಡಲು ಹೆಣಗಬೇಡಿ. ಒದ್ದೆ ಕಾಲಿನಲ್ಲೂ ಬದುಕುವ ಮರ ಆರಿಸಿ: ಟ್ಯಾಮರಾಕ್ ಲಾರ್ಚ್, ರಿವರ್ ಬರ್ಚ್, ಸ್ವಾಂಪ್ ವೈಟ್ ಓಕ್.

ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಪರೀಕ್ಷೆ ಮಾಡಿಸುವುದು ಸಣ್ಣ ಕೆಲಸ, ಮಾಡಿಸಿಬಿಡಿ. ಪಿಎಚ್ 7ಕ್ಕಿಂತ ಮೇಲಿದ್ದರೆ ರೆಡ್ ಮೇಪಲ್, ಪಿನ್ ಓಕ್, ರಿವರ್ ಬರ್ಚ್‌ಗಳು ಕಬ್ಬಿಣದ ಅಂಶವನ್ನೋ ಮ್ಯಾಂಗನೀಸನ್ನೋ ಎಳೆದುಕೊಳ್ಳಲಾರವು. ಎಲೆ ಹಳದಿ, ನರ ಮಾತ್ರ ಹಸಿರು. ಅಂಥ ಮರ ಪ್ರತಿ ವರ್ಷ ಅರೆಹೊಟ್ಟೆಯಲ್ಲಿ ಚಳಿಗಾಲಕ್ಕೆ ಹೋಗುತ್ತದೆ, ಕೊನೆಗೆ ಸತ್ತಾಗ ಚಳಿಯ ಮೇಲೆ ತಪ್ಪು ಬೀಳುತ್ತದೆ. ಪಿಎಚ್ ಇಳಿಸಲು ಗಂಧಕ ಹಾಕುತ್ತಾ ಕೂರುವುದು ಗಿಡದ ಪಾತಿಗೆ ಸರಿ, 15 ಮೀಟರ್ ಹರಡುವ ಬೇರಿಗೆ ಸಾಧ್ಯವಿಲ್ಲ. ಹೊಸ ಮನೆಗಳ ಗೋಡೆಯ ಪಕ್ಕದಲ್ಲಿ ಸಿಮೆಂಟಿನ ಸುಣ್ಣದಿಂದಾಗಿ ಪಿಎಚ್ ಏರಿರುವುದು ಮಾಮೂಲು.

ಹೆಜ್ಜೆ 5: ಮರದಿಂದ ಏನು ಕೆಲಸ ಆಗಬೇಕು, ಎಷ್ಟು ದೊಡ್ಡದಾದರೆ ಒಪ್ಪಿಗೆ

ಬೇಸಿಗೆಯ ನೆರಳು ಬೇಕೆಂದರೆ ಮನೆಯ ಪಶ್ಚಿಮಕ್ಕೆ, ಆಮೇಲೆ ಪೂರ್ವಕ್ಕೆ ಎಲೆ ಉದುರಿಸುವ ಮರ ನೆಡಿ. ದಕ್ಷಿಣಕ್ಕೆ ನೆಟ್ಟರೆ ಚಳಿಗಾಲದಲ್ಲಿ ಎಲೆ ಉದುರುತ್ತದೆ, ಬಿಸಿಲು ಒಳಗೆ ಬರುತ್ತದೆ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಅರ್ಧ ನಿಜ. ಬೋಳು ಕೊಂಬೆಗಳೂ ಬಿಸಿಲಿನ ಒಳ್ಳೇ ಪಾಲನ್ನೇ ತಡೆಯುತ್ತವೆ. ಚಳಿಗಾಲದ ಬಿಸಿಲೇ ಮುಖ್ಯವಾದ ಮನೆಗೆ ದಕ್ಷಿಣ ಖಾಲಿ ಇದ್ದರೇ ಮೇಲು.

ಗಾಳಿ ತಡೆಗೆ ಗಾಳಿ ಬರುವ ದಿಕ್ಕಿನಲ್ಲಿ, ಸಾಮಾನ್ಯವಾಗಿ ವಾಯವ್ಯದಲ್ಲಿ, ಸೂಜಿ ಎಲೆ ಮರಗಳ ಸಾಲು. ಮರದ ಪೂರ್ತಿ ಎತ್ತರದ ಎರಡರಿಂದ ಐದು ಪಟ್ಟು ದೂರದಲ್ಲಿ ಸಾಲಿದ್ದರೆ ಮನೆಗೆ ಚೆನ್ನಾಗಿ ರಕ್ಷಣೆ. 18 ಮೀಟರಿನ ಸ್ಪ್ರೂಸ್‌ಗೆ ಇದು ಕನಿಷ್ಠ 36 ಮೀಟರ್! ನಗರದ ಅಂಗಳದಲ್ಲಿ ಅಷ್ಟು ಜಾಗ ಎಲ್ಲಿ? ಅಲ್ಲಿ ಗಿಡ್ಡ ಜಾತಿಯ ಮೊರೆ ಹೋಗಬೇಕು. ಇಂಥ ಸಾಲಿನ ಮರೆಯಲ್ಲಿ ಗಾಳಿ ನಿಧಾನವಾಗಿ ಹಿಮವನ್ನು ಅಲ್ಲೇ ಸುರಿಯುತ್ತದೆ ಎಂಬುದನ್ನೂ ನೆನಪಿಡಿ. ಕಾರು ಓಡಾಡುವ ದಾರಿ ಆ ಪಟ್ಟಿಯೊಳಗೆ ಬಂದರೆ ಪ್ರತಿ ಚಳಿಗಾಲವೂ ನಿಮಗೆ ಗುದ್ದಲಿಯ ಸೇವೆ.

ಅಳತೆಯ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಚೀಟಿಯಲ್ಲಿ ಬರೆದ ಅಗಲವನ್ನು ಹಗ್ಗದಲ್ಲಿ ಅಳೆದು ನೆಲದ ಮೇಲೆ ವೃತ್ತ ಹಾಕಿ, ಒಂದು ವಾರ ಅದರ ಸುತ್ತ ಓಡಾಡಿ. ದೊಡ್ಡ ಮರ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಲಿ. ವಿದ್ಯುತ್ ತಂತಿಯ ಕೆಳಗೆ 6 ಮೀಟರಿಗಿಂತ ಎತ್ತರ ಹೋಗುವ ಮರ ಬೇಡ. ಅಗೆಯುವ ಮೊದಲು ನೆಲದೊಳಗಿನ ಗ್ಯಾಸ್, ನೀರು, ಕೇಬಲ್ ಗುರುತು ಮಾಡಿಸಿಕೊಳ್ಳಿ.

ಹೆಜ್ಜೆ 6: ಈಗ ಮರಗಳ ಪಟ್ಟಿ

ನನಗೆ ಒಂದೇ ಮರ ನೆಡಲು ಜಾಗ ಇದ್ದು, ಆ ಜಾಗ ದೊಡ್ಡದಾಗಿದ್ದರೆ, ಕಣ್ಣುಮುಚ್ಚಿ ಬರ್ ಓಕ್ ಎನ್ನುತ್ತೇನೆ. ಝೋನ್ 3 ತಡೆಯುತ್ತದೆ. ತೊಗಟೆ ದಪ್ಪ, ಬಿರುಕು ಬಿಟ್ಟ ಬಿರಡೆಯಂತೆ. ಚಳಿಗಾಲದ ಬಿಸಿಲಿಗೆ ಜಗ್ಗುವುದಿಲ್ಲ. ಸುಣ್ಣದ ಮಣ್ಣು, ಬರಗಾಲ, ಸ್ವಲ್ಪ ಉಪ್ಪು ಎಲ್ಲಕ್ಕೂ ಸೈ. ಕಾಯಿಯ ಟೋಪಿಗೆ ಅಂಚಿನಲ್ಲಿ ಕುಚ್ಚು ಇರುತ್ತದೆ, ನೋಡಲು ಮಜಾ. ನಿಧಾನ ಎಂಬ ದೂರು ಇದೆ, ಆದರೆ ಬೇರೂರಿದ ಮೇಲೆ ಜನ ಹೇಳುವಷ್ಟು ನಿಧಾನವೇನಲ್ಲ. ಸಣ್ಣ ಸಸಿಯನ್ನೇ ನೆಡಿ, ಇದರ ತಾಯಿಬೇರು ಆಳಕ್ಕೆ ಇಳಿಯುವಂಥದ್ದು.

ಕೆಂಟಕಿ ಕಾಫಿಟ್ರೀ ಎರಡನೆಯದು, ಝೋನ್ 4ಕ್ಕೆ. ಇದಕ್ಕೂ ಕಾಫಿ ಗಿಡಕ್ಕೂ ಸಂಬಂಧ ಇಲ್ಲ. ವಸಂತದಲ್ಲಿ ಎಲ್ಲ ಮರ ಚಿಗುರಿದ ಮೇಲೆ ಕೊನೆಗೆ ಚಿಗುರುತ್ತದೆ. ಅದಕ್ಕೇ ತಡವಾದ ಮಂಜು ಇದನ್ನು ಮುಟ್ಟುವುದಿಲ್ಲ. ಹಸಿ ಬೀಜ ವಿಷ, ಮಕ್ಕಳಿರುವ ಮನೆಗೆ ಕಾಯಿ ಬಿಡದ ಗಂಡು ತಳಿ ತನ್ನಿ. ಹ್ಯಾಕ್‌ಬೆರ್ರಿ ಅಂದಗಾರನಲ್ಲ, ಎಲೆಯ ಮೇಲೆ ಗುಳ್ಳೆಗಳೂ ಬರುತ್ತವೆ, ಆದರೆ ಎಂಥ ಕೆಟ್ಟ ಜಾಗದಲ್ಲೂ ನಿಲ್ಲುತ್ತದೆ. ಗಿಂಕ್ಗೊ ಝೋನ್ 4ರಲ್ಲಿ ಆಗುತ್ತದೆ. ಗಂಡು ಮರವನ್ನೇ ಕೇಳಿ ತನ್ನಿ, ಹೆಣ್ಣಿನ ಹಣ್ಣಿನ ವಾಸನೆ ಸಹಿಸಲಾಗದು. ಮುಳ್ಳಿಲ್ಲದ ಹನಿಲೋಕಸ್ಟ್‌ನ ನೆರಳು ತೆಳು, ಕೆಳಗೆ ಹುಲ್ಲು ಬೆಳೆಯುತ್ತದೆ. ಎಳೆ ತೊಗಟೆಯನ್ನು ಮಾತ್ರ ಬಿಸಿಲಿನಿಂದ ಕಾಪಾಡಿ.

ಲಾರ್ಚ್ ಬಗ್ಗೆ ಒಂದು ಮಾತು. ಸೂಜಿ ಎಲೆ ಇದ್ದೂ ಶರತ್ಕಾಲದಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿ ಪೂರ್ತಿ ಉದುರಿಸುವ ಮರ ಇದು. ಗೊತ್ತಿಲ್ಲದವರು ಸತ್ತಿತೆಂದು ಕಡಿದು ಹಾಕುವುದುಂಟು. ಆಗ ಒಣಗಲು ಎಲೆಯೇ ಇಲ್ಲದ ಕಾರಣ ಚಳಿಗಾಲದ ಗಾಳಿಗೆ ಇದು ಒಣಗುವ ಪ್ರಶ್ನೆಯೇ ಇಲ್ಲ.

ಸಣ್ಣ ಅಂಗಳಕ್ಕೆ ನನ್ನ ಮೊದಲ ಆಯ್ಕೆ ಸರ್ವಿಸ್‌ಬೆರ್ರಿ. ಹಲವು ಕಾಂಡದ್ದು, 5ರಿಂದ 8 ಮೀಟರ್, ವಸಂತದಲ್ಲಿ ಬಿಳಿ ಹೂ, ಬೇಸಿಗೆ ಶುರುವಿನಲ್ಲಿ ತಿನ್ನಬಹುದಾದ ಹಣ್ಣು (ಹಕ್ಕಿಗಳು ಬಿಟ್ಟರೆ), ಶರತ್ಕಾಲದಲ್ಲಿ ಕೆಂಪು ಎಲೆ. ಕ್ರ್ಯಾಬ್‌ಆ್ಯಪಲ್ ಆರಿಸುವಾಗ ಹೂವಿನ ಬಣ್ಣ ನೋಡಿ ಮರುಳಾಗಬೇಡಿ. ಎಲೆ, ಹಣ್ಣಿಗೆ ಕಲೆ ಬೀಳಿಸುವ ಸ್ಕ್ಯಾಬ್ ರೋಗ ತಡೆಯುವ ತಳಿಯೇ, ಹಣ್ಣು ಸಣ್ಣದಾಗಿ ಚಳಿಗಾಲವಿಡೀ ಕೊಂಬೆಯಲ್ಲೇ ನಿಲ್ಲುತ್ತದೆಯೇ ಎಂದು ನೋಡಿ. 'ಪ್ರೇರಿಫೈರ್' ಅಂಥ ತಳಿ. ಜಪಾನೀಸ್ ಟ್ರೀ ಲೈಲಾಕ್ ಝೋನ್ 3ಕ್ಕೂ ಆಗುತ್ತದೆ. ಐರನ್‌ವುಡ್ ನೆರಳಲ್ಲೂ ಬೆಳೆಯುತ್ತದೆ, ಅದರ ಗಟ್ಟಿ ಕೊಂಬೆ ಹಿಮದ ಭಾರಕ್ಕೆ ಸುಲಭವಾಗಿ ಮುರಿಯುವುದಿಲ್ಲ. ಜಪಾನೀಸ್ ಮೇಪಲ್‌ನ ಆಸೆ ಇದ್ದು ಝೋನ್ 4ರಲ್ಲಿ ಸಿಕ್ಕಿಕೊಂಡವರು ಕೊರಿಯನ್ ಮೇಪಲ್ ನೋಡಿ. ಎಲೆ, ಬಣ್ಣ ಹೆಚ್ಚೂಕಮ್ಮಿ ಅದೇ.

ಸದಾ ಹಸಿರಿಗೆ ವೈಟ್ ಸ್ಪ್ರೂಸ್ ಮತ್ತು ನಾರ್ವೆ ಸ್ಪ್ರೂಸ್ ಗಟ್ಟಿ. ಕೊಲರಾಡೊ ಬ್ಲೂ ಸ್ಪ್ರೂಸ್ ಎಲ್ಲರ ಕಣ್ಣಿಗೆ ಬೀಳುವ ಮರ. ಒಣ ಹವೆಯಲ್ಲಿ ಸುಖವಾಗಿರುತ್ತದೆ. ತೇವದ ಬೇಸಿಗೆ ಇರುವಲ್ಲಿ ಶಿಲೀಂಧ್ರ ರೋಗದಿಂದ ಕೆಳಗಿನ ಕೊಂಬೆಗಳು ಬೋಳಾಗುತ್ತವೆ. ಜಾಗ ಕಡಿಮೆ ಇದ್ದರೆ ಸ್ವಿಸ್ ಸ್ಟೋನ್ ಪೈನ್: ಕಿರಿದು, ನಿಧಾನ, ಝೋನ್ 3. ಆರ್ಬರ್‌ವಿಟೆ ಬೇಲಿಗೆ ಚೆನ್ನ, ಆದರೆ ಜಿಂಕೆಗಳಿಗೆ ಹಬ್ಬ, ಜೊತೆಗೆ ಒದ್ದೆ ಹಿಮ ಕೂತರೆ ಕಾಂಡಗಳು ಹೊರಕ್ಕೆ ಬಾಗಿ ಸೀಳುತ್ತವೆ.

ಹೆಜ್ಜೆ 7: ಬೇಡದವು, ಮತ್ತು ಪಕ್ಕದ ಮನೆಯವರು ನೆಟ್ಟದ್ದು

ಸಿಲ್ವರ್ ಮೇಪಲ್, ಸೈಬೀರಿಯನ್ ಎಲ್ಮ್, ಕ್ಯಾಲರಿ ಪೇರ್ ಮೂರೂ ಬೇಗ ಬೆಳೆಯುತ್ತವೆ, ಮಂಜುಗಡ್ಡೆ ಕಟ್ಟಿದ ರಾತ್ರಿ ಅಷ್ಟೇ ಬೇಗ ಮುರಿಯುತ್ತವೆ. ಬೇಗ ಬೆಳೆಯುವ ಮರದ ಕಟ್ಟಿಗೆ ಸಾಮಾನ್ಯವಾಗಿ ಮೆದು. ವಿಲೋ, ಪಾಪ್ಲರ್‌ಗಳ ಬೇರು ಒಡೆದ ಚರಂಡಿ ಪೈಪಿನೊಳಗೆ ನುಗ್ಗುತ್ತದೆ. ಯುರೋಪಿನ ಬಿಳಿ ಬರ್ಚ್‌ಗೆ ಉತ್ತರ ಅಮೆರಿಕದಲ್ಲಿ ಬ್ರಾಂಝ್ ಬರ್ಚ್ ಬೋರರ್ ಎಂಬ ಕೊರಕ ಹುಳ ಕಾದು ಕೂತಿರುತ್ತದೆ. ಅಲ್ಲೇ ನಾರ್ವೆ ಮೇಪಲ್ ಕಾಡಿಗೆ ನುಗ್ಗಿ ಉಳಿದದ್ದನ್ನು ಬೆಳೆಯಗೊಡದ ಮರ. ನಿಮ್ಮ ಪ್ರದೇಶದಲ್ಲಿ ಯಾವುದನ್ನು ನಿಷೇಧಿಸಿದ್ದಾರೆ ಎಂದು ಸ್ಥಳೀಯ ಅರಣ್ಯ ಅಥವಾ ಕೃಷಿ ಇಲಾಖೆಯ ಪಟ್ಟಿ ನೋಡಿಬಿಡಿ.

ನರ್ಸರಿಗೆ ಹೊರಡುವ ಮುಂಚೆ ನಿಮ್ಮ ಬೀದಿಯಲ್ಲೊಂದು ಸುತ್ತು ಹಾಕಿ. ಎಲ್ಲರ ಮನೆ ಮುಂದೆಯೂ ಇರುವ ಮರವನ್ನು ಪಟ್ಟಿಯಿಂದ ಹೊಡೆದು ಹಾಕಿ. ಉತ್ತರ ಅಮೆರಿಕದ ಊರುಗಳಲ್ಲಿ ಒಂದು ಕಾಲಕ್ಕೆ ಬೀದಿಗಳ ತುಂಬ ಎಲ್ಮ್ ಇತ್ತು. ಡಚ್ ಎಲ್ಮ್ ರೋಗ ಅವನ್ನು ಖಾಲಿ ಮಾಡಿತು. ಎಷ್ಟೋ ಕಡೆ ಆ ಜಾಗಕ್ಕೆ ಸಾಲುಸಾಲಾಗಿ ಆ್ಯಶ್ ನೆಟ್ಟರು. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಏಷ್ಯಾ ಮೂಲದ ಹಸಿರು ದುಂಬಿ ಪತ್ತೆಯಾಯಿತು, ಕೋಟಿಗಟ್ಟಲೆ ಆ್ಯಶ್ ಮರಗಳು ಹೋದವು. ಅಮೆರಿಕದ ನ್ಯಾಷನಲ್ ಆರ್ಬೊರೇಟಂ ಎಂಬ ಮರಗಳ ಸಂಶೋಧನಾ ತೋಟದ ಫ್ರಾಂಕ್ ಸ್ಯಾಂಟಮೂರ್ 1990ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು: ಊರಿನ ಮರಗಳಲ್ಲಿ ಒಂದೇ ಪ್ರಭೇದದವು ನೂರಕ್ಕೆ 10ಕ್ಕಿಂತ, ಒಂದೇ ಕುಲದವು 20ಕ್ಕಿಂತ, ಒಂದೇ ಕುಟುಂಬದವು 30ಕ್ಕಿಂತ ಹೆಚ್ಚಿರಬಾರದು. ಮೂರೇ ಮರ ಹಿಡಿಸುವ ಅಂಗಳದಲ್ಲಿ ಶೇಕಡಾವಾರು ಲೆಕ್ಕ ಹಾಕಲಾಗದು, ಮೂರೂ ಬೇರೆ ಬೇರೆ ಕುಟುಂಬದ್ದಾಗಿದ್ದರೆ ಸಾಕು.

ಹೆಜ್ಜೆ 8: ನರ್ಸರಿಯಲ್ಲಿ ಬೆರಳು ಮಣ್ಣಿಗೆ ಹಾಕಿ

ಮೊದಲು ಕೇಳಿ: ಈ ಸಸಿ ಎಲ್ಲಿ ಬೆಳೆದದ್ದು, ಬೀಜ ಅಥವಾ ಕಸಿ ಎಲ್ಲಿಯದು? ನಿಮ್ಮ ಊರಿನಷ್ಟೇ ಚಳಿ ಇರುವ ಕಡೆ ಬೆಳೆದದ್ದಾದರೆ ಒಳ್ಳೆಯದು. ಉತ್ತರ ಗೊತ್ತಿಲ್ಲದ ನರ್ಸರಿಯಲ್ಲಿ ಸಣ್ಣ ಗಿಡ ಕೊಳ್ಳಿ, ದೊಡ್ಡ ಮರ ಬೇಡ.

ಆಮೇಲೆ ಕಾಂಡದ ಪಕ್ಕದ ಮಣ್ಣನ್ನು ಬೆರಳಿನಿಂದ ಸರಿಸಿ. ಕಾಂಡ ಬೇರಾಗಿ ಒಡೆಯುವ ಕಡೆ ಅಗಲವಾಗುತ್ತದೆ. ಅದೇ ಬುಡ. ಅದು ಮಣ್ಣಿನ ಮೇಲ್ಮಟ್ಟದಲ್ಲೇ ಕಾಣಬೇಕು. ಎಷ್ಟೋ ಕುಂಡಗಳಲ್ಲಿ 5ರಿಂದ 10 ಸೆಂ.ಮೀ. ಕೆಳಗೆ ಹೂತುಹೋಗಿರುತ್ತದೆ. ಕೆದಕುವಾಗ ಕಾಂಡವನ್ನು ಸುತ್ತುಹಾಕಿದ ಪೆನ್ಸಿಲ್ ದಪ್ಪದ ಬೇರು ಸಿಕ್ಕರೆ ಆ ಸಸಿ ಬಿಟ್ಟುಬಿಡಿ. ಆ ಬೇರು ದಪ್ಪವಾಗುತ್ತಾ ಹತ್ತು ಹದಿನೈದು ವರ್ಷಕ್ಕೆ ಮರದ ಕತ್ತು ಹಿಸುಕುತ್ತದೆ. ನಡುವಿನ ಕಾಂಡ ಒಂದೇ ಇರಲಿ. ಸಮಾನ ದಪ್ಪದ ಎರಡು ಕವಲು ಇಕ್ಕಟ್ಟಾಗಿ ಮೇಲೇರಿದ್ದರೆ ಹಿಮದ ಭಾರಕ್ಕೆ ಅಲ್ಲೇ ಸೀಳುವುದು.

ದೊಡ್ಡ ಸಸಿಯ ಆಸೆ ಎಲ್ಲರಿಗೂ ಇರುತ್ತದೆ. ಹೊಲದಿಂದ ಅಗೆದು ಗೋಣಿ ಸುತ್ತಿದ ಮರದ ಹೆಚ್ಚಿನ ಬೇರು ಆ ಹೊಲದಲ್ಲೇ ಉಳಿದಿರುತ್ತದೆ. ಚಳಿಯ ಊರಿನಲ್ಲಿ ಕಾಂಡದ ಪ್ರತಿ 2.5 ಸೆಂ.ಮೀ. ದಪ್ಪಕ್ಕೆ ಒಂದರಿಂದ ಒಂದೂವರೆ ವರ್ಷ ಅದು ಸುಧಾರಿಸಿಕೊಳ್ಳುತ್ತಾ ಇರುತ್ತದೆ. 2.5 ಸೆಂ.ಮೀ. ಕಾಂಡದ ಸಸಿ ಅಷ್ಟರಲ್ಲಿ ಬೇರೂರಿ, ಎಷ್ಟೋ ಸಲ ದೊಡ್ಡದನ್ನು ಹಿಂದೆ ಹಾಕುತ್ತದೆ. ಹಣವೂ ಉಳಿಯಿತು, ಬೆನ್ನೂ ಉಳಿಯಿತು.

ಹೆಜ್ಜೆ 9: ನೆಡುವುದು

ಹಿಮ ಕರಗಿ ಮಣ್ಣು ಕೈಗೆ ಅಂಟದಂತಾದ ಮೇಲೆ, ಮೊಗ್ಗು ಒಡೆಯುವ ಮೊದಲು ನೆಡುವುದು ಎಲ್ಲ ಮರಕ್ಕೂ ಸರಿ. ಶರತ್ಕಾಲದಲ್ಲೂ ನೆಡಬಹುದು, ನೆಲ ಹೆಪ್ಪುಗಟ್ಟಲು ಐದಾರು ವಾರ ಬಾಕಿ ಇರಬೇಕು. ಸೂಜಿ ಎಲೆ ಮರಗಳಿಗೆ ಇನ್ನೂ ಜಾಸ್ತಿ ಸಮಯ ಬೇಕು. ಓಕ್, ಬರ್ಚ್‌ಗಳನ್ನು ನಾನು ವಸಂತಕ್ಕೇ ಇಟ್ಟುಕೊಳ್ಳುತ್ತೇನೆ.

ಗುಂಡಿಯ ಅಗಲ ಬೇರಿನ ಮುದ್ದೆಯ ಎರಡು ಮೂರು ಪಟ್ಟು, ಆಳ ಮುದ್ದೆಯಷ್ಟೇ. ಬುಡ ನೆಲದ ಮಟ್ಟಕ್ಕೆ, ಜೇಡಿಮಣ್ಣಾದರೆ ಎರಡು ಬೆರಳು ಮೇಲೆಯೇ ಇರಲಿ. ತಂತಿ ಬುಟ್ಟಿ, ಗೋಣಿ, ಹಗ್ಗವನ್ನು ಮೇಲ್ಭಾಗದಿಂದಾದರೂ ಕತ್ತರಿಸಿ ತೆಗೆಯಿರಿ. ಸುತ್ತಿಕೊಂಡ ಬೇರನ್ನು ಬಿಡಿಸಿ, ಬಿಡಿಸಲು ಬಾರದ್ದನ್ನು ಕತ್ತರಿಸಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಗೊಬ್ಬರ ಬೆರೆಸಿದ ಮೆತ್ತನೆಯ ಮಣ್ಣು ತುಂಬಿದರೆ ಬೇರು ಆ ಗುಂಡಿ ಬಿಟ್ಟು ಹೊರಗೆ ಹೋಗಲು ಸೋಮಾರಿಯಾಗುತ್ತದೆ.

ಮೇಲೆ 5ರಿಂದ 10 ಸೆಂ.ಮೀ. ಮರದ ಚಕ್ಕೆಯ ಹೊದಿಕೆ. ಕಾಂಡಕ್ಕೆ ತಾಗಿಸಬೇಡಿ, ಇಲಿಗಳಿಗೆ ಮನೆ ಕಟ್ಟಿಕೊಟ್ಟಂತೆ. ಗಾಳಿ ಜೋರಿಲ್ಲದ ಕಡೆ ಊರುಗೋಲು ಬೇಕಿಲ್ಲ. ಕಟ್ಟಿದ್ದರೂ ಒಂದು ವರ್ಷಕ್ಕೆ ಬಿಚ್ಚಿ. ಕಾಂಡದ ಪ್ರತಿ 2.5 ಸೆಂ.ಮೀ. ದಪ್ಪಕ್ಕೆ ಒಂದು ಸಲಕ್ಕೆ ನಾಲ್ಕರಿಂದ ಆರು ಲೀಟರ್ ನೀರು: ಮೊದಲ ಎರಡು ವಾರ ದಿನವೂ, ಆಮೇಲೆ ಮೂರು ತಿಂಗಳಾಗುವವರೆಗೆ ಎರಡು ಮೂರು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಮಳೆ ಬಂದಿದ್ದರೆ ಮಣ್ಣು ಮುಟ್ಟಿ ನೋಡಿ, ಒದ್ದೆ ಇದ್ದರೆ ನೀರು ಬೇಡ.

ಹೆಜ್ಜೆ 10: ಮೊದಲ ಕೆಲವು ಚಳಿಗಾಲ

ನೆಲ ಹೆಪ್ಪುಗಟ್ಟುವವರೆಗೂ ನೀರು ನಿಲ್ಲಿಸಬೇಡಿ, ಸೂಜಿ ಎಲೆ ಮರಗಳಿಗಂತೂ. ತೆಳು ತೊಗಟೆಯ ಎಳೆ ಮರಗಳ ಕಾಂಡಕ್ಕೆ ಶರತ್ಕಾಲದ ಕೊನೆಯಲ್ಲಿ ಬಿಳಿ ಬಣ್ಣದ ಕವಚ ಹಾಕಿ, ವಸಂತದಲ್ಲಿ ಮರೆಯದೆ ತೆಗೆಯಿರಿ. ಕಪ್ಪು ಕವಚ ಬೇಡ, ಅದು ಬಿಸಿಲನ್ನು ಹೀರಿ ಕೆಲಸ ಕೆಡಿಸುತ್ತದೆ. ಗಾಳಿಗೆ ಒಡ್ಡಿದ ಎಳೆ ಆರ್ಬರ್‌ವಿಟೆಗೆ ಗೂಟ ಹೊಡೆದು ಗೋಣಿಯ ಪರದೆ ಕಟ್ಟಿ, ಗಿಡಕ್ಕೇ ಸುತ್ತಬೇಡಿ.

ಮೊಲ, ಹುಲ್ಲಿಲಿಗಳ ಹಾವಳಿಗೆ 6 ಮಿ.ಮೀ. ಕಣ್ಣಿನ ತಂತಿ ಜಾಲರಿಯೇ ಮದ್ದು. ಕಾಂಡದಿಂದ ಸ್ವಲ್ಪ ದೂರ ಬಿಟ್ಟು ಸುತ್ತ ನಿಲ್ಲಿಸಿ, ಕೆಳ ಅಂಚನ್ನು ಐದಾರು ಸೆಂ.ಮೀ. ಮಣ್ಣಿಗೆ ಹೂಳಿ. ಎತ್ತರದಲ್ಲಿ ಎಲ್ಲರೂ ಎಡವುವುದು: ಮೊಲ ಹಿಮದ ಮೇಲೆ ನಿಂತು ತಿನ್ನುತ್ತದೆ. ಹಿಮ ಎಷ್ಟು ಎತ್ತರ ಕೂರುತ್ತದೋ ಅದಕ್ಕಿಂತ ಅರ್ಧ ಮೀಟರ್ ಮೇಲಿರಲಿ ಜಾಲರಿ.

ಕೊಂಬೆಯ ಮೇಲೆ ಕೂತ ಒದ್ದೆ ಹಿಮವನ್ನು ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ ಬೀಳಿಸಿ. ಮಂಜುಗಡ್ಡೆ ಕಟ್ಟಿದ್ದರೆ ಮುಟ್ಟಬೇಡಿ, ತಾನೇ ಕರಗಲಿ. ಕೊಂಬೆ ಸವರುವುದು ಚಳಿಗಾಲದ ಕೊನೆಯಲ್ಲಿ; ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗ ಇರುವ ಪ್ರದೇಶಗಳಲ್ಲಿ ಓಕ್ ಮರಕ್ಕೆ ವಸಂತ, ಬೇಸಿಗೆಯಲ್ಲಿ ಗರಗಸ ತಾಗಿಸಲೇಬೇಡಿ.

ವಸಂತದಲ್ಲಿ ಪಕ್ಕದ ಮರಗಳೆಲ್ಲ ಚಿಗುರಿ ನಿಮ್ಮದು ಮಾತ್ರ ಬೋಳಾಗಿ ನಿಂತಿದ್ದರೆ ಗಾಬರಿಯಾಗಿ ಕೀಳಬೇಡಿ. ಉಗುರಿನಿಂದ ರೆಂಬೆಯ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿದ್ದರೆ ಇನ್ನೂ ಕೆಳಗೆ, ದಪ್ಪ ಕೊಂಬೆಯಲ್ಲಿ ಕೆರೆಯಿರಿ. ಬೇಸಿಗೆಯ ಮೊದಲ ಕೆಲವು ವಾರ ಕಾದ ಮೇಲೂ ಮೇಲೆಲ್ಲ ಒಣಗಿ, ಬುಡದಿಂದ ಮಾತ್ರ ಚಿಗುರು ಬಂದರೆ, ಅದು ಕಸಿ ಮಾಡಿದ ಮರವೇ ಎಂದು ನೋಡಿ. ಕಸಿಯ ಗಂಟಿನ ಕೆಳಗಿನಿಂದ ಬಂದದ್ದು ಬೇರುಗಿಡದ (ಕಸಿಗೆ ಬುಡವಾಗಿ ಬಳಸಿದ ಗಿಡದ) ಚಿಗುರು, ನೀವು ಕೊಂಡ ತಳಿ ಅಲ್ಲಿ ಉಳಿದಿಲ್ಲ. ಅದನ್ನು ತೆಗೆದು, ಏನು ಕೊಂದಿತು ಎಂದು ಕಾಂಡದ ನೈಋತ್ಯ ಬದಿ, ಹಲ್ಲಿನ ಗುರುತು, ಬುಡದ ಬೇರು ಮೂರನ್ನೂ ನೋಡಿಕೊಂಡು, ಅದೇ ಜಾಗಕ್ಕೆ ಬೇರೆ ಜಾತಿ ನೆಡಿ.